ಗೋಧಿ ಹೋಯಿತು, ಮದ್ಯ ಉಳಿಯಿತು

ಅಮೆರಿಕದ ಬ್ಲೂ ಮೂನ್ 2020ರಲ್ಲಿ ಮಾರುಕಟ್ಟೆಗೆ ತಂದ ಬಿಯರಿನ ಹೆಸರು ಆಗ ಲೈಟ್‌ಸ್ಕೈ ಎಂದಿತ್ತು. ಇಂಗ್ಲಿಷಿನಲ್ಲಿ ಲೈಟ್ ಎಂದರೆ ಹಗುರವೂ ಹೌದು, ಬೆಳಕೂ ಹೌದು, ತಿಳಿಬಣ್ಣವೂ ಹೌದು. ಮಾರುವವರಿಗೆ ಇದಕ್ಕಿಂತ ಅನುಕೂಲದ ಪದ ಸಿಗದು. ಕನ್ನಡದಲ್ಲಾದರೆ ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು. ಸಪ್ಪೆ ಎಂಬ ಇನ್ನೊಂದು ಪದವೂ ಸಾಲಿನಲ್ಲಿ ನಿಂತಿದೆ, ಅದು ಸಲ್ಲುತ್ತದೋ ಇಲ್ಲವೋ ಎಂಬುದನ್ನು ಕುಡಿದ ಮೇಲೆ ನೋಡಬಹುದು. 355 ಮಿಲಿಲೀಟರಿನ ಒಂದು ಕ್ಯಾನಿಗೆ 95 ಕ್ಯಾಲೊರಿ, ಶೇ. 4 ಮದ್ಯಾಂಶ, 3.6 ಗ್ರಾಂ ಕಾರ್ಬೋಹೈಡ್ರೇಟ್. ಸಾಮಾನ್ಯ ಬ್ಲೂ ಮೂನ್‌ನಲ್ಲಿ ಮದ್ಯಾಂಶ ಶೇ. 5.4, ಕ್ಯಾಲೊರಿ 170ರ ಆಸುಪಾಸು.

ಬ್ಲೂ ಮೂನ್ ಬೆಲ್ಜಿಯಂನದಲ್ಲ. 1995ರಲ್ಲಿ ಕೂರ್ಸ್ ಕಂಪನಿ ಡೆನ್ವರಿನ ಬೇಸ್‌ಬಾಲ್ ಮೈದಾನದೊಳಗಿನ ಪುಟ್ಟ ಬ್ರೂವರಿಯಲ್ಲಿ ಶುರುಮಾಡಿದ್ದು. ಅದು ಅನುಕರಿಸಿದ್ದು ಮಾತ್ರ ಬ್ರಸೆಲ್ಸಿನ ಪೂರ್ವಕ್ಕಿರುವ ಒಂದು ಹಳ್ಳಿಯ ಬಿಯರನ್ನು. ಹಳ್ಳಿಯ ಹೆಸರು ಹೂಗಾರ್ಡನ್ (ಕನ್ನಡದ ಕಿವಿಗೆ ಹೂವಿನ ತೋಟದಂತೆ ಕೇಳಿಸಿದರೆ ತಪ್ಪೇನಿಲ್ಲ). ಅಲ್ಲಿನ ಬಿಳಿ ಬಿಯರ್ ಮಾಡುವ ಕೊನೆಯ ಬ್ರೂವರಿ 1957ರಲ್ಲಿ ಬಾಗಿಲು ಹಾಕಿತ್ತು. ಹತ್ತು ವರ್ಷ ತುಂಬುವುದರೊಳಗೆ ಅದೇ ಊರಿನಲ್ಲಿ ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಅದನ್ನು ಮತ್ತೆ ಕಾಯಿಸಿ ಬದುಕಿಸಿದ. ಇವತ್ತು ಜಗತ್ತಿನಲ್ಲಿರುವ ವಿಟ್‌ಬಿಯರ್‌ಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ಹಾಲು ಮಾರುವವನ ಋಣದಲ್ಲಿವೆ. 2015ರಲ್ಲಿ ಬಂದು ದೆಹಲಿ, ಮುಂಬೈ ಬಾರ್‌ಗಳಿಗೆ ಈ ರುಚಿಯನ್ನು ಪರಿಚಯಿಸಿದ ಬೀರಾ 91 ವೈಟ್ ಕೂಡ.

ವಿಟ್ ಎಂದರೆ ಬಿಳಿ. ಆ ಮಬ್ಬು ಬಿಳಿ ಬರುವುದು ಮೊಳಕೆ ಬರಿಸದ ಹಸಿ ಗೋಧಿಯಿಂದ ಮತ್ತು ಸೋಸದೆ ಬಿಟ್ಟ ಯೀಸ್ಟಿನಿಂದ. ಕಾಳಿನಲ್ಲಿ ಸುಮಾರು ಅರ್ಧ ಪಾಲು ಗೋಧಿ, ಉಳಿದದ್ದು ಬಾರ್ಲಿ ಮಾಲ್ಟ್. ಮೇಲೆ ಕಹಿ ಕಿತ್ತಳೆಯ ಒಣ ಸಿಪ್ಪೆ, ಕೊತ್ತಂಬರಿ ಬೀಜ. ನಮ್ಮ ಅಡುಗೆಮನೆಯಲ್ಲಿ ಕೊತ್ತಂಬರಿ ಬೀಜವೆಂದರೆ ಹುರಿದ ಘಮ. ಅವರು ಹುರಿಯುವುದಿಲ್ಲ, ಜಜ್ಜಿ ಹಾಕುತ್ತಾರೆ. ಆಗ ಅದು ಸಾರಿನ ಪುಡಿಯನ್ನು ನೆನಪಿಸದೆ ನಿಂಬೆಯ ಹತ್ತಿರಕ್ಕೆ ಹೋಗುತ್ತದೆ. ಈ ಪರಿಮಳಗಳನ್ನೆಲ್ಲ ಹೊತ್ತು ನಿಲ್ಲುವುದು ಗೋಧಿ. ನಾಲಿಗೆಯ ಮೇಲೆ ತೆಳು ಗಂಜಿಯಂಥ ನುಣುಪು ಇರುವುದರಿಂದಲೇ ಕಿತ್ತಳೆಯ ಕಹಿ ಚುಚ್ಚುವುದಿಲ್ಲ.

ಲೈಟ್‌ಸ್ಕೈಯಲ್ಲಿ ಮೊದಲು ಸಿಗುವುದು ಟ್ಯಾಂಜರಿನ್ ಸಿಪ್ಪೆಯ ಘಮ. ಕೊಡಗಿನ ಕಿತ್ತಳೆಯ ಬಳಗದ್ದೇ, ಸಡಿಲ ಸಿಪ್ಪೆಯ ಹಣ್ಣು. ಮೂಗಿಗೆ ಹಿತ. ಮೊದಲ ಗುಟುಕು ತಣ್ಣಗೆ, ಚುರುಕಾಗಿ ಇಳಿಯುತ್ತದೆ. ಎರಡನೆಯ ಗುಟುಕಿಗೆ ನಾಲಿಗೆ ಗೋಧಿಯನ್ನು ಹುಡುಕುತ್ತದೆ, ಸಿಗುವುದಿಲ್ಲ. ಸಪ್ಪೆ ಎನ್ನುವುದು ಕಠಿಣವಾದೀತು, ತೆಳು ಎನ್ನಬಹುದು. ಸೆಖೆಯ ಮಧ್ಯಾಹ್ನಕ್ಕೆ ಅಡ್ಡಿಯಿಲ್ಲ.

ತಕರಾರಿರುವುದು ಲೆಕ್ಕದಲ್ಲಿ. ಒಂದು ಗ್ರಾಂ ಮದ್ಯಕ್ಕೆ 7 ಕ್ಯಾಲೊರಿ, ಒಂದು ಗ್ರಾಂ ಕಾರ್ಬೋಹೈಡ್ರೇಟಿಗೆ 4. ಶೇ. 4ರ ಒಂದು ಕ್ಯಾನಿನಲ್ಲಿ ಸುಮಾರು 11 ಗ್ರಾಂ ಮದ್ಯವಿದೆ, ಅಂದರೆ 78 ಕ್ಯಾಲೊರಿ. 95ರಲ್ಲಿ ನೂರಕ್ಕೆ ಎಂಬತ್ತರಷ್ಟು ಮದ್ಯದ್ದೇ! ಸಾಮಾನ್ಯ ಬ್ಲೂ ಮೂನ್‌ನಲ್ಲಿ ಈ ಪಾಲು ಅರವತ್ತರ ಸುಮಾರು. ಕಡಿಮೆಯಾದ 75 ಕ್ಯಾಲೊರಿಯಲ್ಲಿ ಮದ್ಯದಿಂದ ಹೋದದ್ದು ಮೂವತ್ತಕ್ಕೂ ಕಡಿಮೆ, ಉಳಿದದ್ದು ಬಹುತೇಕ ಕಾಳಿನ ಪಾಲಿನದು. ಗೋಧಿ ಬಿಯರಿನಿಂದ ತೆಗೆಯಲು ಅವರಿಗೆ ಸಿಕ್ಕಿದ್ದು ಗೋಧಿ.

ಮೂವತ್ತೈದು ದಾಟಿದ ಮೇಲೆ ಹೊಟ್ಟೆ ಬರುತ್ತಿದೆ, ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರಿಂದ ಕೇಳಿಸಿಕೊಂಡವರು ಈ 95ನ್ನು ಓದುವ ರೀತಿಯೇ ಬೇರೆ. ಹಗುರ ತಾನೇ, ಇನ್ನೊಂದು ಇರಲಿ ಎನ್ನುತ್ತಾರೆ. ಎರಡು ಲೈಟ್ ಸೇರಿದರೆ 190 ಕ್ಯಾಲೊರಿ, 22 ಗ್ರಾಂ ಮದ್ಯ. ಒಂದು ಸಾಮಾನ್ಯ ಬಿಯರಿನಲ್ಲಿ 170 ಮತ್ತು 15. ಕಾರ್ಬ್ ಕಡಿಮೆಯಲ್ಲವೇ ಎಂಬ ವಾದದಲ್ಲಿ ಹುರುಳಿದೆ, ಆದರೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಮದ್ಯವೇ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಇದನ್ನು 95 ಎಂಬ ಅಂಕಿ ಹೇಳುವುದಿಲ್ಲ.

ಹುಳಿಗೆ ನೀರು ಬೆರೆಸಿದರೆ ಅದು ತಿಳಿಸಾರಾಗುವುದಿಲ್ಲ, ನೀರು ಹುಳಿಯಾಗುತ್ತದೆ. ತಿಳಿಸಾರಿಗೆ ಅದರದೇ ಹದವಿದೆ. ಬೆಲ್ಜಿಯಂಗೂ ಇದು ಗೊತ್ತಿದ್ದ ವಿಷಯ. ಅಲ್ಲಿ ತಾಫೆಲ್‌ಬಿಯರ್, ಅಂದರೆ ಊಟದ ಮೇಜಿನ ಬಿಯರ್ ಎಂಬುದೊಂದು ಹಳೆಯ ಬಗೆ ಇದೆ. ಮದ್ಯಾಂಶ ತೀರಾ ಕಡಿಮೆ, ಶೇ. ಒಂದೂವರೆ ಎರಡರ ಆಸುಪಾಸು. ಮನೆಮಂದಿ ಊಟದ ಜೊತೆ ಕುಡಿಯುತ್ತಿದ್ದದ್ದು. ಆ ದಾರಿ ಹಿಡಿದು ಶೇ. 2 ಮದ್ಯ, 12 ಗ್ರಾಂ ಕಾರ್ಬೋಹೈಡ್ರೇಟ್ ಇರುವ ವಿಟ್‌ಬಿಯರ್ ಮಾಡಿದರೆ ಅದೇ ಕ್ಯಾನಿಗೆ 90 ಕ್ಯಾಲೊರಿ ದಾಟುವುದು ಕಷ್ಟ. ಗೋಧಿ ಉಳಿಯುತ್ತದೆ, ಮಬ್ಬು ಉಳಿಯುತ್ತದೆ, ಅಮಲು ಅರ್ಧವಾಗುತ್ತದೆ. ಶೇ. 2ರ ಬಿಯರಿಗೆ ಗಿರಾಕಿ ಎಲ್ಲಿ ಎಂದು ಕಂಪನಿಗಳು ಕೇಳಬಹುದು. ಹೂಗಾರ್ಡನ್ನಿನಲ್ಲಿ ಬಿಳಿ ಬಿಯರಿಗೂ ಗಿರಾಕಿ ಇಲ್ಲವೆಂದೇ ಬಾಗಿಲು ಹಾಕಿದ್ದರು.