ಫೈಲು ಸರಿ ಇದೆ, ಸಂಬಳ ಬಂತಾ?

ಲೆಕ್ಕಪತ್ರದ ಆಡಿಟ್ ಬಗ್ಗೆ ಎಲ್ಲರಿಗೂ ಗೊತ್ತು. ಕಂಪನಿಗಳಲ್ಲಿ ಇನ್ನೊಂದು ಆಡಿಟ್ ನಡೆಯುತ್ತೆ, ಎಚ್‌ಆರ್ ಆಡಿಟ್ ಅಂತ. ನೇಮಕಾತಿ ಪತ್ರ ಕೊಟ್ಟಿದ್ದಾರಾ, ಹಾಜರಿ ಸರಿ ಇದೆಯಾ, ಪಿಎಫ್, ಇಎಸ್‌ಐ ಕಟ್ಟಿದ್ದಾರಾ, ರಜೆ ಲೆಕ್ಕ ಹೇಗಿದೆ, ಲೈಂಗಿಕ ಕಿರುಕುಳದ ದೂರು ಕೇಳೋ ಸಮಿತಿ ಇದೆಯಾ... ಇವನ್ನೆಲ್ಲ ನೋಡೋದು. ಕೇಳೋಕೆ ತುಂಬಾ ಒಳ್ಳೆಯದೇ. ಆದರೆ ನಡೆಯೋ ರೀತಿ ನೋಡಿದರೆ, ಇದು ಇನ್ಸ್‌ಪೆಕ್ಟರ್ ಬರ್ತಾರೆ ಅಂತ ಸರ್ಕಾರಿ ಶಾಲೆಗೆ ಸುಣ್ಣ ಬಳಿಯೋ ಥರ ಅನ್ನಿಸುತ್ತೆ ನನಗೆ.

ನಾನು ಹಿಂದೆ ಇದ್ದ ಒಂದು ಕಂಪನಿಯ ಮಾತು (ಹೆಸರು ಬೇಡ ಬಿಡಿ). ಆಡಿಟ್‌ಗೆ ಒಂದು ವಾರ ಮುಂಚೆ ಹನ್ನೊಂದು ಪಾಲಿಸಿಗಳ ಲಿಂಕ್ ಮೇಲ್‌ನಲ್ಲಿ ಬಂತು. "ಓದಿದ್ದೇನೆ, ಅರ್ಥವಾಗಿದೆ" ಅಂತ ಕ್ಲಿಕ್ ಮಾಡಬೇಕು. ಎಲ್ಲರೂ ಒಂದೇ ನಿಮಿಷದಲ್ಲಿ ಓದಿ ಅರ್ಥ ಮಾಡಿಕೊಂಡೆವು :) ನೋಟಿಸ್ ಬೋರ್ಡಿಗೆ ಹೊಸ ಹಾಳೆಗಳು ಬಂದವು. ನಮ್ಮ ಫ್ಲೋರ್ ಒರೆಸುತ್ತಿದ್ದ ಅಕ್ಕನನ್ನು, "ನಿಮ್ಮನ್ನೂ ಏನಾದ್ರೂ ಕೇಳ್ತಾರಾ?" ಅಂದೆ. "ನಮ್ಮುನ್ನ ಯಾಕ್ ಕೇಳ್ತಾರೆ ಸಾರ್, ನಾವು ಕಂಟ್ರಾಕ್ಟರ್ ಕಡೆಯೋರು" ಅಂದರು. ಅವರಿಗೆ ಆ ತಿಂಗಳ ಸಂಬಳ ಇಪ್ಪತ್ತನೇ ತಾರೀಖು ದಾಟಿದರೂ ಬಂದಿರಲಿಲ್ಲ. ಆಡಿಟ್ ಮಾತ್ರ ಪಾಸ್!

ಇದು ಸಣ್ಣ ವಿಷಯ ಅನ್ನೋರಿಗೆ ನರಸಾಪುರದ ನೆನಪು ಮಾಡಿಸಬೇಕು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ. 2020ರ ಡಿಸೆಂಬರ್ 12ರ ಬೆಳಿಗ್ಗೆ, ಶಿಫ್ಟ್ ಬದಲಾಗೋ ಹೊತ್ತಿನಲ್ಲಿ ಸಂಬಳದ ಸಿಟ್ಟು ಸಿಡಿದು ಗಾಜು, ಗಾಡಿ, ಯಂತ್ರ ಎಲ್ಲಾ ಪುಡಿಯಾಯಿತು. ಒಡೆದದ್ದು ಸರಿ ಅಂತ ನಾನು ಹೇಳಲ್ಲ. ಆದರೆ ಆಮೇಲೆ ರಾಜ್ಯದ ಕಾರ್ಖಾನೆಗಳ ಇಲಾಖೆ ತಪಾಸಣೆ ಮಾಡಿದಾಗ ಸಿಕ್ಕಿದ್ದೇನು? ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ ಸುಮಾರು 10,000 ದಾಟಿತ್ತು, ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಅಷ್ಟು ಜನಕ್ಕೆ ತಕ್ಕ, ಕಾರ್ಮಿಕ ಕಾನೂನು ಗೊತ್ತಿರೋ ಎಚ್‌ಆರ್ ವಿಭಾಗ ಇರಲಿಲ್ಲ. 8 ಗಂಟೆಯ ಶಿಫ್ಟ್ 12 ಗಂಟೆ ಆಗಿತ್ತು. ಹಾಜರಿ ವ್ಯವಸ್ಥೆ ಕೆಟ್ಟು, ಎರಡು ತಿಂಗಳಾದರೂ ಸರಿ ಮಾಡಿರಲಿಲ್ಲ.

ಗಮನಿಸಿ, ಹಾಜರಿ ಸಾಫ್ಟ್‌ವೇರ್! ಅಂದರೆ ನಮ್ಮಂಥವರೇ ಬರೆದು, ನಮ್ಮಂಥವರೇ ಟಿಕೆಟ್ ಮುಚ್ಚೋ ವಸ್ತು. ನಮಗೆ ಅದು ಒಂದು ಬಗ್. ಅಲ್ಲಿ ಅದು ಒಬ್ಬರ ಮನೆ ಬಾಡಿಗೆ.

ಒಂದೇ ವಾರದಲ್ಲಿ, ಡಿಸೆಂಬರ್ 19ಕ್ಕೆ, ಆಪಲ್ ತನ್ನ ಆಡಿಟರ್‌ಗಳನ್ನು ಕಳಿಸಿ ವಿಸ್ಟ್ರಾನ್ ಅನ್ನು ಪ್ರೊಬೇಷನ್‌ಗೆ ಹಾಕಿತು. ಅಕ್ಟೋಬರ್, ನವೆಂಬರ್ ಸಂಬಳ ಕೆಲವರಿಗೆ ತಡವಾಗಿತ್ತು ಅಂತ ಅದೂ ಒಪ್ಪಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಪಾಲಾಯಿತು. ನನ್ನ ಪ್ರಶ್ನೆ ಒಂದೇ: ಒಂದು ವಾರದಲ್ಲಿ ಕಂಡಿದ್ದು, ಅದಕ್ಕೆ ಮುಂಚಿನ ಎರಡು ತಿಂಗಳು ಯಾಕೆ ಕಾಣಲಿಲ್ಲ?

ಯಾಕಂದ್ರೆ ಆಡಿಟ್ ಫೈಲಿನಿಂದ ಶುರುವಾಗುತ್ತೆ, ಮನುಷ್ಯನಿಂದಲ್ಲ. ಟೆಸ್ಟಿಂಗ್ ಮಾಡೋರಿಗೆ ಇದು ಚೆನ್ನಾಗಿ ಗೊತ್ತು. ಡಾಕ್ಯುಮೆಂಟ್ ಓದಿ "ಪಾಸ್" ಅಂತ ಬರೆದರೆ ಮ್ಯಾನೇಜರ್ ಬೈತಾರೆ. ನಿಜವಾದ ಡೇಟಾ ಕೊಟ್ಟು ಓಡಿಸಿ ನೋಡಬೇಕು. ಇಲ್ಲೂ ಅಷ್ಟೇ. ಇಪ್ಪತ್ತು ಜನರನ್ನು ಆರಿಸಿ. ಆರಿಸೋದು ಆಡಿಟರ್, ಎಚ್‌ಆರ್ ಅಲ್ಲ. ಅದರಲ್ಲಿ ಅರ್ಧ ಗುತ್ತಿಗೆಯವರಿರಲಿ. ಗೇಟಿನ ಪಂಚ್‌ನಿಂದ ಹಿಡಿದು ಬ್ಯಾಂಕಿಗೆ ದುಡ್ಡು ಬೀಳೋವರೆಗೂ ಒಬ್ಬೊಬ್ಬರ ತಿಂಗಳನ್ನೂ ಹಿಂಬಾಲಿಸಿ. ಓವರ್‌ಟೈಮ್‌ಗೆ ಕಾನೂನು ಹೇಳೋ ದುಪ್ಪಟ್ಟು ದರ ಬಂತಾ ನೋಡಿ. ಸೂಪರ್‌ವೈಸರ್ ಹತ್ತಿರ ಇಲ್ಲದಾಗ, ಅವರ ಭಾಷೆಯಲ್ಲೇ ಮಾತಾಡಿಸಿ.

"ಗುತ್ತಿಗೆಯವರು ನಮ್ಮ ನೌಕರರಲ್ಲ" ಅನ್ನೋದು ರೆಡಿಮೇಡ್ ಉತ್ತರ. ಕಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಕೊಡೋ ಹೊಣೆ ಕೆಲಸ ಮಾಡಿಸಿಕೊಂಡ ಕಂಪನಿಯದ್ದು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಆ ಮಾತಿದೆ.

ನಾನಿರೋದು ಕೋಗಿಲಿನಲ್ಲಿ. ಬೆಳಿಗ್ಗೆ ಕೋಗಿಲು ಕ್ರಾಸಿನಲ್ಲಿ ಬಳ್ಳಾರಿ ರಸ್ತೆ ಕಡೆ ನಿಂತವರಲ್ಲಿ ಐಡಿ ಕಾರ್ಡ್ ಹಾಕಿದ ನಾವೂ ಇರ್ತೀವಿ; ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್‌ನವರು, ಕ್ಯಾಬ್ ಓಡಿಸೋರೂ ಇರ್ತಾರೆ. ಈಗ ದೇವನಹಳ್ಳಿ ಕಡೆ ಫಾಕ್ಸ್‌ಕಾನ್ ಕಾರ್ಖಾನೆಯೂ ಬಂದು ಐಫೋನ್ ತಯಾರಾಗ್ತಿದೆ. ಕೆಲಸ ಬರಲಿ, ಇನ್ನೂ ಬರಲಿ. ಆದರೆ ನರಸಾಪುರದ ಪಾಠ ಕಲಿಯೋಕೆ ಇನ್ನೊಂದು ಗಾಜು ಒಡೆಯೋವರೆಗೂ ಕಾಯಬೇಕಾ?

ನಿಮ್ಮ ಆಫೀಸಿನ ಆಡಿಟ್‌ನಲ್ಲಿ ಕಾಫಿ ಮೆಷಿನ್ ಹತ್ತಿರ ನಿಲ್ಲೋ ಹುಡುಗನನ್ನು ಯಾರಾದ್ರೂ ಮಾತಾಡಿಸಿದ್ದಾರಾ? ಎಚ್‌ಆರ್‌ನಲ್ಲಿರೋ ಬ್ಲಾಗಿಗರು ಇದ್ದರೆ ಬೈದಾದರೂ ಸರಿ, ಉತ್ತರ ಬರೀರಿ.