ಹಳೆಯ ಬ್ರೌಸರೂ ಹೊಲದ ಪಹಣಿಯೂ

ಕ್ಯಾಸಂಬಳ್ಳಿಯ ರೈತನೊಬ್ಬನು ತನ್ನ ಹೊಲದ ಪಹಣಿಯನ್ನು ನೋಡಬಯಸಿದನೆಂದು ಭಾವಿಸೋಣ. ಅದಕ್ಕಾಗಿ ಈಗ ಕಚೇರಿಗೆ ಅಲೆಯಬೇಕಾಗಿಲ್ಲ. ಸರ್ಕಾರದ ‘ಭೂಮಿ’ ವ್ಯವಸ್ಥೆಯ ದಾಖಲೆ ಅಂತರ್ಜಾಲದಲ್ಲಿಯೇ ದೊರೆಯುತ್ತದೆ. ಆದರೆ ಮನೆಯ ಹಳೆಯ ಗಣಕಯಂತ್ರದಲ್ಲಿ ಪುಟವು ತೆರೆಯದೆ, ಸುರಕ್ಷಿತ ಸಂಪರ್ಕ ಸಾಧ್ಯವಿಲ್ಲವೆಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದು ಮೂಡಿ ನಿಲ್ಲಬಹುದು. ಸರ್ಕಾರದ ಯಂತ್ರವೇ ಕೆಟ್ಟಿತೆಂದುಕೊಂಡು ಆತನು ಎದ್ದುಹೋಗುತ್ತಾನೆ.

ಕಾರಣ ಬೇರೆ ಇದ್ದೀತು. ಜಾಲತಾಣಕ್ಕೂ ಬ್ರೌಸರಿಗೂ ಮಾತು ಮೊದಲಾಗುವ ಮುನ್ನ, ಯಾವ ಗೂಢಲಿಪಿಯಲ್ಲಿ ವ್ಯವಹರಿಸಬೇಕೆಂಬ ಒಪ್ಪಂದವಾಗಬೇಕು. 1999ರ ಟಿಎಲ್‌ಎಸ್ 1.0, 2006ರ ಟಿಎಲ್‌ಎಸ್ 1.1 ಎಂಬ ಕ್ರಮಗಳು ದುರ್ಬಲವೆಂದು ತಿಳಿದುಬಂದುದರಿಂದ 2021ರ ಮಾರ್ಚ್‌ನಲ್ಲಿ ಅವುಗಳನ್ನು ವಿಧಿವತ್ತಾಗಿ ಕೈಬಿಡಲಾಯಿತು. ಅವುಗಳನ್ನಷ್ಟೇ ಬಲ್ಲ ಬ್ರೌಸರನ್ನು ಎಚ್ಚರವುಳ್ಳ ತಾಣವು ಹೊಸ್ತಿಲಲ್ಲಿಯೇ ತಡೆಯುತ್ತದೆ.

ಹೀಗೆ ತಡೆಯುವವರೆಗೂ ಹಳೆಯ ಬ್ರೌಸರು ಚೆನ್ನಾಗಿಯೇ ಇರುವಂತೆ ತೋರುತ್ತದೆ; ತೊಡಕು ಇರುವುದೇ ಇಲ್ಲಿ. ನೆರೆಯ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವಾದರೂ, ಆಳಕ್ಕೆ ಪಂಜರವನ್ನು ಇಳಿಸುವ ಉಕ್ಕಿನ ಹಗ್ಗವನ್ನು ಹರಿಯುವವರೆಗೆ ಬಳಸುವುದಿಲ್ಲವೆಂಬುದನ್ನು ಈ ಸೀಮೆಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಬ್ರೌಸರನ್ನು ಬದಲಿಸಲು ಹಣವೂ ಬೇಡ. ತಾನಾಗಿಯೇ ನವೀಕರಣಗೊಳ್ಳುವ ಏರ್ಪಾಡನ್ನು ನಿಲ್ಲಿಸದಿದ್ದರೆ ಸಾಕು. ವಿಂಡೋಸ್ 7 ಇಟ್ಟುಕೊಂಡವರ ಪಾಡು ಮಾತ್ರ ಕಠಿನ. ಅದಕ್ಕೆ ತಯಾರಕರ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು. 2023ರಲ್ಲಿ ಕ್ರೋಮ್ ಕೂಡ ಅದನ್ನು ಕೈಬಿಟ್ಟಿತು. ಅಂಥವರು ಕಾರ್ಯಾಚರಣ ವ್ಯವಸ್ಥೆಯನ್ನೇ ಬದಲಿಸಬೇಕು. ಹಳೆಯ ಯಂತ್ರಕ್ಕೆ ಒಗ್ಗುವ ಲಿನಕ್ಸ್ ಉಚಿತವಾಗಿಯೇ ದೊರೆಯುತ್ತದೆ.

ಆದರೆ ತಪ್ಪೆಲ್ಲವನ್ನೂ ಬಳಸುವವನ ತಲೆಗೆ ಕಟ್ಟುವುದನ್ನು ನಾವು ಒಪ್ಪುವುದಿಲ್ಲ. ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿಯೇ ನೋಡಿರೆಂದು ಎಷ್ಟೋ ತಾಣಗಳು ವರ್ಷಗಟ್ಟಲೆ ಬರೆದುಕೊಂಡಿದ್ದವು. ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಅದಕ್ಕೆ ಬೆಂಬಲವನ್ನು ನಿಲ್ಲಿಸಿತು. ಹಳೆಯದನ್ನು ರೂಢಿ ಮಾಡಿಸಿದವರು ಹೊಸದರ ದಾರಿಯನ್ನೂ ತೋರಿಸಬೇಡವೆ?

ಇದರಲ್ಲಿ ಮರೆಯಬಾರದ ಸಂಗತಿಯೊಂದುಂಟು. ಗೂಢಲಿಪಿಯ ಒಪ್ಪಂದವೇ ಮುರಿದ ಮೇಲೆ ತಾಣವು ತನ್ನ ಮಾತಿನಲ್ಲಿ ಏನನ್ನೂ ಹೇಳಲಾರದು. ಕಾಣುವುದು ಬ್ರೌಸರಿನ ಒಣ ವಾಕ್ಯ ಮಾತ್ರ. ಆದುದರಿಂದ ಬಾಗಿಲು ಇನ್ನೂ ತೆರೆದಿರುವಾಗಲೇ, ಹಲವು ತಿಂಗಳು ಮುಂಚಿತವಾಗಿ, ಕನ್ನಡದಲ್ಲಿ ಸೂಚನೆ ಬರಬೇಕು: ನಿಮ್ಮ ಬ್ರೌಸರು ಹಳೆಯದು, ಇಂಥ ದಿನದಿಂದ ಇಲ್ಲಿ ನಡೆಯದು, ಹೊಸದು ಇಲ್ಲಿ ಸಿಗುತ್ತದೆ. ಬದಲಿಸಲಾರದವರಿಗೆ, ಅದೇ ಪಹಣಿ ಹೋಬಳಿಯ ನಾಡಕಚೇರಿಯಲ್ಲಿ ದೊರೆಯುವುದೆಂಬ ಇನ್ನೊಂದು ಸಾಲು ಅದರ ಕೆಳಗಿರಲಿ.