ಸೀಮಿತವಾಗುವುದು ಹೊಣೆಯೋ, ಋಣವೋ?

ಮೊದಲ ಬಾರಿಗೆ ವ್ಯಾಪಾರಕ್ಕಿಳಿಯುವ ನಮ್ಮ ಯುವಕರಿಗೆ ಇಂದು ಎರಡು ಬಗೆಯ ಸಲಹೆಗಳು ದೊರೆಯುತ್ತವೆ. "ಅಣ್ಣತಮ್ಮಂದಿರ ನಡುವೆ ಕಾಗದಪತ್ರವೇಕೆ? ಬಾಯಿಮಾತು ಸಾಲದೇ?" ಎಂಬುದು ಒಂದು. "ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡು, ವ್ಯಾಪಾರ ಮುಳುಗಿದರೂ ನಿನ್ನ ಮನೆಬಾಗಿಲಿಗೆ ಯಾರೂ ಬರಲಾರರು" ಎಂಬುದು ಇನ್ನೊಂದು. ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು (ಅಲ್ ಬಕರ 282) ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ನಿಲ್ಲಿಸುವ ಕುರಿತಾಗಿದೆ. ಆದ್ದರಿಂದ ಬರಹವನ್ನು ಅಪನಂಬಿಕೆಯ ಚಿಹ್ನೆಯೆಂದು ಭಾವಿಸುವುದು ಧರ್ಮವನ್ನು ಅರಿಯದವರ ಮಾತು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ಣವಾಗಿ ಹೊಣೆ. ಒಬ್ಬನ ಎಡವಟ್ಟಿಗೆ ಇನ್ನೊಬ್ಬನ ಮನೆ ಹರಾಜಾಗಬಹುದು. 2008ರ ಎಲ್‌ಎಲ್‌ಪಿ ಕಾಯ್ದೆ ಮತ್ತು 2013ರ ಕಂಪನಿ ಕಾಯ್ದೆಗಳು ಈ ಭಯವನ್ನು ತಗ್ಗಿಸುತ್ತವೆ. ಇಬ್ಬರು ಸೇರಿ ಪ್ರೈವೇಟ್ ಕಂಪನಿಯನ್ನು, ಒಬ್ಬನೇ ಏಕವ್ಯಕ್ತಿ ಕಂಪನಿಯನ್ನು ಸ್ಥಾಪಿಸಬಹುದು. ಇದಕ್ಕೆ ನಮ್ಮ ವಿರೋಧವಿಲ್ಲ.

ನಮ್ಮ ಆಕ್ಷೇಪವಿರುವುದು ಈ ರಕ್ಷಣೆಯನ್ನು ಋಣಮುಕ್ತಿಯೆಂದು ಬೋಧಿಸುವವರ ಬಗ್ಗೆ. ಪ್ರೈವೇಟ್ ಕಂಪನಿಗೆ ಕನಿಷ್ಠ ಒಂದು ಲಕ್ಷ ರೂಪಾಯಿ ಬಂಡವಾಳವಿರಬೇಕೆಂಬ ನಿಯಮವು 2015ರಲ್ಲಿ ರದ್ದಾಯಿತು. ಹತ್ತು ಸಾವಿರ ಹೂಡಿದವನು ಐದು ಲಕ್ಷದ ಸರಕನ್ನು ಉದ್ದರಿ ತಂದನೆಂದುಕೊಳ್ಳೋಣ. ಕಂಪನಿ ಮುಳುಗಿದರೆ ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯವಾಗಿ ಅವನ ನಷ್ಟ ಹತ್ತು ಸಾವಿರ ಮಾತ್ರ. ಉಳಿದುದು ಯಾರ ತಲೆಯ ಮೇಲೆ? ಬ್ಯಾಂಕಿನ ಮೇಲಲ್ಲ, ಅದು ಸಾಲ ಕೊಡುವಾಗಲೇ ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಬರೆಸಿಕೊಳ್ಳುತ್ತದೆ. ನಂಬಿ ಸರಕು ಕೊಟ್ಟ ಸಣ್ಣ ವ್ಯಾಪಾರಿ, ಅಂಗಡಿಯ ಕಪಾಟು ಮಾಡಿಕೊಟ್ಟ ಬಡಗಿ, ಸಂಬಳಕ್ಕೆ ಕಾದಿರುವ ಕೆಲಸಗಾರ, ಇವರೇ ಆ ಭಾರ ಹೊರುವವರು.

ಲಂಡನ್ನಿನ ಬೂಟು ತಯಾರಕ ಸಾಲೊಮನ್ ಹೆಂಡತಿ ಮಕ್ಕಳನ್ನೇ ಷೇರುದಾರರನ್ನಾಗಿಸಿ ಕಂಪನಿ ಕಟ್ಟಿದ್ದನು. ಅದು ಕುಸಿದಾಗ, ಕಂಪನಿ ಬೇರೆ, ಸಾಲೊಮನ್ ಬೇರೆ ಎಂದು ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ತೀರ್ಪಿತ್ತಿತು. ಇಂದಿನ ಕಂಪನಿ ಕಾನೂನು ನಿಂತಿರುವುದು ಈ ತತ್ವದ ಮೇಲೆಯೇ. ವಕ್ಫ್ ಮತ್ತು ಬೈತುಲ್ ಮಾಲ್‌ಗಳನ್ನು ಉದಾಹರಿಸಿ ಇಂತಹ ಪ್ರತ್ಯೇಕ ಅಸ್ತಿತ್ವವನ್ನು ಒಪ್ಪಿದ ಮುಫ್ತಿ ತಖೀ ಉಸ್ಮಾನಿಯವರೂ, ಸೀಮಿತ ಹೊಣೆಯನ್ನು ಸಾರ್ವಜನಿಕ ಕಂಪನಿಗಳಿಗಷ್ಟೇ ಮೀಸಲಿಡಬೇಕೆಂದು ಬರೆದಿದ್ದಾರೆ. ಖಾಸಗಿ ಕಂಪನಿಯ ಪಾಲುದಾರನಿಗೆ ದಿನದಿನದ ವ್ಯವಹಾರ ತಿಳಿದಿರುತ್ತದೆ. ತಿಳಿದೂ ಸಾಲ ಬೆಳೆಸಿದವನು ಕೈತೊಳೆದುಕೊಳ್ಳುವುದೆಂತು?

ಸಾಲ ತೀರಿಸಲು ಏನನ್ನೂ ಬಿಟ್ಟುಹೋಗದ ವ್ಯಕ್ತಿಯ ಜನಾಝ ನಮಾಝಿಗೆ ನೇತೃತ್ವ ನೀಡಲು ಪ್ರವಾದಿವರ್ಯರು(ಸ) ಹಿಂಜರಿದರು. ಅಬೂ ಖತಾದ(ರ) ಆ ಸಾಲವನ್ನು ತಾವು ಹೊತ್ತ ನಂತರವೇ ಮುಂದಾದರು. ಇದನ್ನು ಓದಿದ ಸಮುದಾಯವು ಋಣವನ್ನು ಲಘುವಾಗಿ ಕಾಣಬಹುದೇ?

ಯುವಕರೇ, ಕಂಪನಿ ಸ್ಥಾಪಿಸಿರಿ. ಪಾಲು, ಲಾಭ, ಜವಾಬ್ದಾರಿಗಳನ್ನು ಬರೆದಿಡಿರಿ. ಮನೆಯ ಹಣವನ್ನೂ ಕಂಪನಿಯ ಹಣವನ್ನೂ ಬೆರೆಸದಿರಿ. ಉದ್ದರಿ ಕೇಳುವ ಮುನ್ನ ನಿಮ್ಮ ನಿಜವಾದ ಬಂಡವಾಳವೆಷ್ಟೆಂದು ಕೊಡುವವನಿಗೆ ತಿಳಿಸಿರಿ. ವಂಚನೆ ಸಾಬೀತಾದರೆ ಕಾನೂನೇ ಆ ರಕ್ಷಣೆಯನ್ನು ಕಿತ್ತೊಗೆಯಬಲ್ಲದು. ವಂಚನೆಯಿಲ್ಲದೆ ಸೋತರೂ, ಶಕ್ತಿ ಬಂದಾಗ ಬಡಗಿಯ ಬಾಕಿಯನ್ನು ಹುಡುಕಿಕೊಂಡು ಹೋಗಿ ತೀರಿಸಿರಿ. ರಿಜಿಸ್ಟ್ರಾರರ ಕಡತದಲ್ಲಿ ಮುಚ್ಚಿಹೋದ ಲೆಕ್ಕವು ಅಲ್ಲಾಹನ ಸನ್ನಿಧಿಯಲ್ಲಿ ತೆರೆದೇ ಇರುತ್ತದೆ.